ಬಿಸಿಲು ಬೀಳುವ ಅಕ್ವೇರಿಯಂನಲ್ಲಿ ಪಾಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಡ ನೆಟ್ಟ ಅಕ್ವೇರಿಯಂ ಕಿಟಕಿಯ ಪಕ್ಕದಲ್ಲಿದ್ದರೆ ನೋಡಲು ಚೆಂದ. ಸಂಜೆಯ ಓರೆ ಬಿಸಿಲು ಎಲೆಗಳ ನಡುವೆ ಹಾದು ಮರಳಿನ ಮೇಲೆ ಕುಣಿಯುವ ಹಾಗೆ ಯಾವ ದೀಪದ ಬೆಳಕೂ ಕುಣಿಯದು. ಆ ಚೆಂದಕ್ಕೆ ಸೋತು ನಾನೂ ನನ್ನ ಮೊದಲ ತೊಟ್ಟಿಯನ್ನು ಪಡುವಣ ಕಿಟಕಿಯ ಕೆಳಗೆ ಇಟ್ಟೆ. ಮೂರನೆಯ ವಾರಕ್ಕೆ ನೀರು ಎಷ್ಟು ಹಸಿರಾಯಿತೆಂದರೆ ಮೀನುಗಳು ಗಾಜಿನ ಹತ್ತಿರ ಬಂದಾಗ ಮಾತ್ರ ಕಾಣುತ್ತಿದ್ದವು. ತೊಟ್ಟಿ ಇಂದಿಗೂ ಅಲ್ಲಿಯೇ ಇದೆ, ನೀರು ತಿಳಿಯಾಗಿದೆ. ಈ ನಡುವೆ ಕಲಿತದ್ದನ್ನು, ಇತರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳ ರೂಪದಲ್ಲಿ ಬರೆದಿದ್ದೇನೆ.

ಬಿಸಿಲು ಬಿದ್ದರೆ ಪಾಚಿ ಬಂದೇ ಬರುತ್ತದೆಯೇ?

ಪಾಚಿ ಬಿಸಿಲಿನ ಜೊತೆ ಬರುವುದಿಲ್ಲ, ಮೊದಲೇ ಬಂದು ಕೂತಿರುತ್ತದೆ. ಗಿಡಗಳ ಬೇರಿನಲ್ಲಿ, ಕಲ್ಲಿನಲ್ಲಿ, ಗಾಳಿಯ ಧೂಳಿನಲ್ಲಿ ಅದರ ಬೀಜಕಣಗಳು ಇದ್ದೇ ಇರುತ್ತವೆ. ಹಾಗಾಗಿ ಕೇಳಬೇಕಾದದ್ದು ಪಾಚಿ ಇದೆಯೇ ಎಂದಲ್ಲ. ತೊಟ್ಟಿಯಲ್ಲಿ ಮೇಲುಗೈ ಯಾರದು, ಗಿಡದ್ದೋ ಪಾಚಿಯದೋ ಎಂದು.

ಬೆಳಕಿನ ಪ್ರಖರತೆಯನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಡುಹಗಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮನೆಯ ಕೋಣೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಗಾಜು, ಪರದೆ, ಓರೆ ಕೋನ ಎಲ್ಲ ಕಳೆದರೂ ತೊಟ್ಟಿಯ ಮೇಲೆ ಬೀಳುವ ಬಿಸಿಲು ನಾವು ಹಾಕುವ ದೀಪವನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಅಷ್ಟು ಬೆಳಕನ್ನು ಉಣ್ಣಲು ಗಿಡಕ್ಕೆ ಅದಕ್ಕೆ ತಕ್ಕ ಇಂಗಾಲದ ಡೈಆಕ್ಸೈಡ್ ಮತ್ತು ಗೊಬ್ಬರ ಬೇಕು. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಬಿಸಿಲು ಏರಿದ ಸ್ವಲ್ಪ ಹೊತ್ತಿಗೆ ಎಲೆಯ ಸುತ್ತಲಿನದು ಮುಗಿದುಹೋಗಿ ಗಿಡ ಕೈಕಟ್ಟಿ ಕೂರುತ್ತದೆ. ಪಾಚಿಯ ಮೈ ಸಣ್ಣದು, ಬೇಡಿಕೆಯೂ ಸಣ್ಣದು. ಗಿಡ ಬಿಟ್ಟ ಬೆಳಕನ್ನೆಲ್ಲ ಅದು ಬಾಚಿಕೊಳ್ಳುತ್ತದೆ.

ನನ್ನ ತೊಟ್ಟಿಗೆ ನಿಜವಾಗಿ ಎಷ್ಟು ಬಿಸಿಲು ಬೀಳುತ್ತಿದೆ ಎಂದು ತಿಳಿಯುವುದು ಹೇಗೆ?

ಇದೊಂದನ್ನು ಮಾಡದೆ ಮುಂದಿನ ಯಾವುದನ್ನೂ ಮಾಡಬೇಡಿ. ರಜೆಯ ದಿನ ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ತೊಟ್ಟಿಯ ಮುಂಗಾಜಿನ ಮೇಲೆ ಅಡ್ಡಲಾಗಿ ಅಂಟಿಸಿ. ಬಿಸಿಲಿನ ಅಂಚು ಗಾಜನ್ನು ಮುಟ್ಟಿದ ಕ್ಷಣದಿಂದ ಅರ್ಧ ಗಂಟೆಗೊಮ್ಮೆ ಅದು ಎಲ್ಲಿದೆ ಎಂದು ಪೆನ್ಸಿಲಿನಿಂದ ಗೆರೆ ಎಳೆದು ಹೊತ್ತು ಬರೆಯಿರಿ. ನನ್ನ ತೊಟ್ಟಿಗೆ "ಸಂಜೆ ಒಂದು ಗಂಟೆಯಷ್ಟು" ಬಿಸಿಲು ಬೀಳುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಪಟ್ಟಿ ಹೇಳಿದ್ದು 2 ಗಂಟೆ 40 ನಿಮಿಷ. ಅದರಲ್ಲಿಯೂ ಎಡ ಮೂಲೆಗೆ ಬಿದ್ದದ್ದು ಕೇವಲ 20 ನಿಮಿಷ, ಬಲ ಮೂಲೆಗೆ ಪೂರ್ತಿ. ಪಾಚಿ ಬಲಗಡೆಯೇ ಏಕೆ ಹೆಚ್ಚು ಎಂಬ ಒಗಟು ಒಂದು ಪೆನ್ಸಿಲಿನಲ್ಲಿ ಬಿಡಿಸಿಕೊಂಡಿತು.

ಸೂರ್ಯ ವರ್ಷವಿಡೀ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಚಳಿಗಾಲದಲ್ಲಿ ಅವನು ಕೆಳಗಿನಿಂದ ಹಾದು ಹೋಗುವುದರಿಂದ ಬಿಸಿಲು ಕೋಣೆಯ ಒಳಗೆ ಇನ್ನಷ್ಟು ದೂರ ಚಾಚುತ್ತದೆ. "ಆರು ತಿಂಗಳು ಚೆನ್ನಾಗಿತ್ತು, ಏನೂ ಬದಲಿಸಿಲ್ಲ, ಇದ್ದಕ್ಕಿದ್ದಂತೆ ಪಾಚಿ" ಎನ್ನುವವರಲ್ಲಿ ಹಲವರ ಮನೆಯಲ್ಲಿ ಬದಲಾದದ್ದು ಇದೇ. ಮೂರು ತಿಂಗಳಿಗೊಮ್ಮೆ ಪಟ್ಟಿ ಅಂಟಿಸಿ ನೋಡಿ. ಎದುರಿನ ಬಿಳಿ ಗೋಡೆಯಿಂದಲೋ ಗಾಜಿನ ಕಟ್ಟಡದಿಂದಲೋ ಪ್ರತಿಫಲಿಸಿ ಬರುವ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಷ್ಟು ಹೊತ್ತಿನ ಬಿಸಿಲು ಪರವಾಗಿಲ್ಲ?

ಗಿಡಗಳು ದಟ್ಟವಾಗಿ, ಬೇಗ ಬೆಳೆಯುವಂಥವಾಗಿ ಇದ್ದರೆ ಬೆಳಗಿನ ಒಂದು ಗಂಟೆಯ ಬಿಸಿಲು ತೊಂದರೆಯಲ್ಲ, ಲಾಭವೇ. ಮಧ್ಯಾಹ್ನದ ಮೇಲಿನ ಬಿಸಿಲು ಎರಡು ಗಂಟೆ ಮೀರಿದರೆ ಅಡ್ಡ ಏನಾದರೂ ಬೇಕೇ ಬೇಕು. ಇದು ನನ್ನ ಅನುಭವದ ಅಳತೆ. ನಿಮ್ಮ ತೊಟ್ಟಿಯಲ್ಲಿ ನಾಲ್ಕು ಗಿಡ, ಉಳಿದದ್ದೆಲ್ಲ ಕಲ್ಲು ಮತ್ತು ಮರಳು ಎಂದಾದರೆ ಅರ್ಧ ಗಂಟೆಯೂ ಹೆಚ್ಚೇ.

ಹಲವರು ಮರೆಯುವುದು ದೀಪವನ್ನು. ಬಿಸಿಲಿನ ಮೇಲೆ ದಿನಕ್ಕೆ 10 ಗಂಟೆ ದೀಪವನ್ನೂ ಉರಿಸಿ, ತಪ್ಪನ್ನು ಕಿಟಕಿಯ ಮೇಲೆ ಹಾಕುತ್ತಾರೆ. ಬಿಸಿಲು ಸೇರಿ ಒಟ್ಟು 7 ಗಂಟೆಯ ಸುತ್ತಮುತ್ತ ಬೆಳಕು ಸಾಕು. ಟೈಮರ್ ಹಾಕಿ, ಬಿಸಿಲು ಹೋದ ಮೇಲೆ ದೀಪ ಹೊತ್ತುವಂತೆ ಇಡಿ. ಎರಡೂ ಒಟ್ಟಿಗೆ ಬೀಳುವುದು ಬೇಡ.

ತೊಟ್ಟಿಯನ್ನು ಸರಿಸಲು ಜಾಗವಿಲ್ಲ. ಬಿಸಿಲನ್ನು ತಡೆಯುವುದು ಹೇಗೆ?

ಜಾಗವಿದ್ದರೂ ತುಂಬಿದ ತೊಟ್ಟಿಯನ್ನು ತಳ್ಳಲು ಹೋಗಬೇಡಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. 100 ಲೀಟರಿನ ತೊಟ್ಟಿಯನ್ನು ಮರಳು, ಕಲ್ಲಿನ ಸಮೇತ ಎಳೆದರೆ ಗಾಜಿನ ಜೋಡಣೆ ಬಿಟ್ಟುಕೊಳ್ಳಬಹುದು.

ಬಿಸಿಲನ್ನು ಕಿಟಕಿಯಲ್ಲಿಯೇ ತಡೆಯುವುದು ಎಲ್ಲಕ್ಕಿಂತ ಒಳ್ಳೆಯದು. ತೆಳುವಾದ ಬಿಳಿ ಪರದೆ, ಅಥವಾ ಕಿಟಕಿಯ ಗಾಜಿಗೆ ಅಂಟಿಸುವ ಮಬ್ಬು ಹಾಳೆ ಬೆಳಕನ್ನು ಚದುರಿಸಿ ಮೆತ್ತಗೆ ಮಾಡುತ್ತದೆ. ಕೋಣೆಯೂ ಕತ್ತಲಾಗುವುದಿಲ್ಲ. ತೊಟ್ಟಿಯ ಹಿಂಗಾಜು ಕಿಟಕಿಯ ಕಡೆಗಿದ್ದರೆ ಅದಕ್ಕೆ ಕಪ್ಪು ಹಾಳೆ ಅಂಟಿಸಿಬಿಡಿ. ಗಿಡಗಳ ಹಸಿರು ಎದ್ದು ಕಾಣುವುದು ಅದರ ಜೊತೆಗೆ ಸಿಗುವ ಲಾಭ. ಅತಿನೇರಳೆ ಕಿರಣ ತಡೆಯುವ ಹಾಳೆ ಎಂದು ಮಾರುವುದನ್ನು ಪಾಚಿಗಾಗಿ ಕೊಳ್ಳಬೇಡಿ. ಪಾಚಿ ಬೆಳೆಯುವುದು ಕಣ್ಣಿಗೆ ಕಾಣುವ ಬೆಳಕಿನಲ್ಲಿ.

ಮೇಲಿನಿಂದ ಬೀಳುವ ಬಿಸಿಲಿಗೆ ತೇಲುವ ಗಿಡಗಳೇ ಚಪ್ಪರ. ಅಂತರಗಂಗೆ, ಸಾಲ್ವೀನಿಯಾ ಎರಡೂ ಆಗುತ್ತವೆ. ಅವು ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಬಿಸಿಲು ಎಷ್ಟಿದ್ದರೂ ಉಣ್ಣುತ್ತವೆ, ಗಿಡಕ್ಕೂ ಪಾಚಿಗೂ ಆಹಾರವಾದ ನೀರಿನ ನೈಟ್ರೇಟನ್ನೂ ಬೇಗ ಹೀರುತ್ತವೆ. ಆದರೆ ವಾರಕ್ಕೊಮ್ಮೆ ಒಂದು ಬೊಗಸೆ ತೆಗೆದು ಎಸೆಯದಿದ್ದರೆ ಕೆಳಗಿನ ಗಿಡಗಳಿಗೆ ಕತ್ತಲೆ. ತೆಗೆದದ್ದನ್ನು ಕೆರೆಗೋ ಚರಂಡಿಗೋ ಹಾಕಬೇಡಿ, ಒಣಗಿಸಿ ಗಿಡದ ಬುಡಕ್ಕೆ ಹಾಕಿ. ಕೆರೆಗೆ ಬಿದ್ದ ಅಂತರಗಂಗೆ ಕೆರೆಯನ್ನೇ ಮುಚ್ಚುತ್ತದೆ.

ನೀರೇ ಹಸಿರಾಗಿದೆ. ದಿನಾ ನೀರು ಬದಲಿಸಿದರೂ ಹೋಗುತ್ತಿಲ್ಲ, ಏಕೆ?

ಇದು ನೀರಿನಲ್ಲಿ ತೇಲುವ ಏಕಕೋಶ ಪಾಚಿ. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ್ದು, ಫಿಲ್ಟರಿನ ಸ್ಪಂಜಿನಲ್ಲಿ ಸಲೀಸಾಗಿ ನುಸುಳಿ ಹೋಗುತ್ತದೆ. ಅರ್ಧ ನೀರು ತೆಗೆದರೆ ಅರ್ಧ ಪಾಚಿ ಹೋದಂತೆಯೇ, ಆದರೆ ಉಳಿದದ್ದು ಒಳ್ಳೆಯ ಬಿಸಿಲಿನಲ್ಲಿ ಒಂದೆರಡು ದಿನದಲ್ಲಿ ಮೊದಲಿನಷ್ಟಾಗುತ್ತದೆ. ಹೊಸ ನೀರಿನ ಜೊತೆ ಒಂದಷ್ಟು ಹೊಸ ಪೋಷಕಾಂಶವೂ ಸಿಗುತ್ತದೆ.

ಖರ್ಚಿಲ್ಲದ ದಾರಿ ಕತ್ತಲೆ. ಅರ್ಧ ನೀರು ಬದಲಿಸಿ, ದೀಪ ತೆಗೆದು, ತೊಟ್ಟಿಯನ್ನು ದಪ್ಪ ಕಂಬಳಿಯಿಂದ ಎಲ್ಲ ಕಡೆಯಿಂದಲೂ ಮುಚ್ಚಿ 4 ದಿನ ಬಿಡಿ. ಗಾಳಿಯ ಪಂಪು ಹಗಲಿರುಳು ಓಡುತ್ತಿರಲಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ಮುಚ್ಚಿ. ಮೀನಿಗೆ ಆಹಾರ ಬೇಡ. ಆರೋಗ್ಯವಾದ ದೊಡ್ಡ ಮೀನು ನಾಲ್ಕು ದಿನ ಉಪವಾಸಕ್ಕೆ ಸಾಯುವುದಿಲ್ಲ. ಮರಿಗಳಿದ್ದರೆ ಮಾತ್ರ ಈ ಕೆಲಸ ಬೇಡ. ಮುಖ್ಯವಾಗಿ, ಕಂಬಳಿ ಎತ್ತಿ ಇಣುಕಬೇಡಿ. ಮನೆಗೆ ಬಂದವರೊಬ್ಬರಿಗೆ "ನೋಡಿ, ಒಳಗೆ ಹೀಗಿದೆ" ಎಂದು ತೋರಿಸಲು ನಾನು ಎರಡನೆಯ ಮಧ್ಯಾಹ್ನ ಕಂಬಳಿ ಸರಿಸಿ, ಹರಟೆಯಲ್ಲಿ ಮತ್ತೆ ಮುಚ್ಚುವುದನ್ನೇ ಮರೆತೆ. ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಐದನೆಯ ದಿನ ಮತ್ತೆ ಅರ್ಧ ನೀರು ಬದಲಿಸಿ, ಸತ್ತ ಪಾಚಿ ಒಳಗೆ ಕೊಳೆಯಬಾರದು. ಗಟ್ಟಿ ಬೇರಿನ ಗಿಡಗಳು ನಾಲ್ಕು ದಿನದ ಕತ್ತಲೆಯನ್ನು ತಡೆಯುತ್ತವೆ, ಏಕಕೋಶ ಪಾಚಿ ತಡೆಯದು.

ಇನ್ನೊಂದು ದಾರಿ, ಫಿಲ್ಟರಿನ ನೀರು ಅತಿನೇರಳೆ ದೀಪದ ಕೊಳವೆಯಲ್ಲಿ ಹಾದು ಬರುವಂತೆ ಮಾಡುವುದು. ತೇಲುವ ಪಾಚಿಗೆ ಇದು ಖಂಡಿತ ಕೆಲಸ ಮಾಡುತ್ತದೆ, ಗಾಜಿಗೂ ಎಲೆಗೂ ಅಂಟಿಕೊಂಡದ್ದಕ್ಕೆ ಏನೂ ಮಾಡುವುದಿಲ್ಲ. ಯಾವ ದಾರಿ ಹಿಡಿದರೂ ಕಿಟಕಿಗೆ ಪರದೆ ಹಾಕದಿದ್ದರೆ ಕೆಲವೇ ವಾರಗಳಲ್ಲಿ ಮತ್ತೆ ಅದೇ ಹಸಿರು.

ಗಾಜಿನ ಮೇಲೆ ಗಟ್ಟಿಯಾದ ಹಸಿರು ಚುಕ್ಕೆಗಳಿವೆ. ಒರೆಸಿದರೆ ಹೋಗುವುದಿಲ್ಲ.

ಬ್ಲೇಡಿನಿಂದ ಕೆರೆಯಿರಿ. ತೊಟ್ಟಿ ಅಕ್ರಿಲಿಕ್‌ನದಾದರೆ ಬ್ಲೇಡ್ ಗೀರು ಬೀಳಿಸುತ್ತದೆ, ಹಳೆಯ ಪ್ಲಾಸ್ಟಿಕ್ ಕಾರ್ಡ್ ಬಳಸಿ. ಬೆಳಕು ಹೆಚ್ಚಾಗಿ, ಫಾಸ್ಫೇಟ್ ತೀರ ಕಡಿಮೆಯಾದ ತೊಟ್ಟಿಗಳಲ್ಲಿ ಇದು ಹೆಚ್ಚು. ಅನೂಬಿಯಸ್‌ನಂಥ ನಿಧಾನದ ಗಿಡಗಳ ಹಳೆಯ ಎಲೆಗಳ ಮೇಲೂ ಕೂರುತ್ತದೆ. ಅಂಥ ಎಲೆಯನ್ನು ಉಜ್ಜುವುದಕ್ಕಿಂತ ಬುಡದಲ್ಲಿ ಕತ್ತರಿಸುವುದೇ ಸರಿ.

ನೂಲಿನಂಥ ಉದ್ದನೆಯ ಪಾಚಿ ಗಿಡಗಳಿಗೆ ಸುತ್ತಿಕೊಂಡಿದೆ. ತೆಗೆಯುವುದು ಹೇಗೆ?

ಬಿಸಿಲು ಬೀಳುವ ತೊಟ್ಟಿಯ ನಿಜವಾದ ಪೀಡೆ ಇದು. ಹಸಿರು ನೀರು ನೋಡಲು ಭಯಂಕರ, ಹೋಗುವುದು ಸುಲಭ. ನೂಲು ಪಾಚಿ ನೋಡಲು ಸೌಮ್ಯ, ಹೋಗುವುದೇ ಇಲ್ಲ.

ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಳ್ಳಿ. ಪಾಚಿಯ ಗುಂಪಿನ ನಡುವೆ ಬಿರುಗೂದಲನ್ನು ಇಳಿಸಿ, ಹಿಡಿಯನ್ನು ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತ ಹೋಗಿ. ರಾಟೆಗೆ ನೂಲು ಸುತ್ತಿದಂತೆ ಎಳೆಗಳು ಬ್ರಷ್ಷಿಗೆ ಸುತ್ತಿಕೊಳ್ಳುತ್ತವೆ. ಎಳೆಯಬೇಡಿ, ಬರೀ ಸುತ್ತಿ. ಎಳೆದರೆ ಗಿಡದ ತುದಿಯೂ ಕಿತ್ತು ಬರುತ್ತದೆ, ತುಂಡಾದ ಎಳೆಗಳು ತೊಟ್ಟಿಯೆಲ್ಲ ಹರಡಿ ಅಲ್ಲಲ್ಲೇ ಹೊಸದಾಗಿ ಬೆಳೆಯುತ್ತವೆ. ಬ್ರಷ್ ದಪ್ಪವಾದಾಗ ಹೊರತೆಗೆದು ಬಕೆಟ್ಟಿನಲ್ಲಿ ಜಾಡಿಸಿ, ಮತ್ತೆ ಇಳಿಸಿ. ಬಕೆಟ್ಟನ್ನು ಒಮ್ಮೆ ನೋಡದೆ ಚೆಲ್ಲಬೇಡಿ. ಸೀಗಡಿ ಮರಿಗಳು ಪಾಚಿಯೊಳಗೆ ಸಿಕ್ಕಿಕೊಂಡಿರುತ್ತವೆ.

ಬೆರಳಿನ ನಡುವೆ ಉಜ್ಜಿ ನೋಡಿ. ಲೋಳೆಯಾಗಿ ಜಾರಿದರೆ ಅದು ಹೆಚ್ಚಾಗಿ ಸ್ಪೈರೋಗೈರಾ. ಅದಕ್ಕೆ ಕತ್ತಲೆಯೂ ಕೈಕೆಲಸವೂ ಎರಡೂ ಬೇಕು. ಹತ್ತಿಯಂತೆ ಒರಟಾಗಿ, ಕವಲು ಕವಲಾಗಿ ಇದ್ದರೆ ಕ್ಲಾಡೋಫೋರಾ. ಅದು ಗಟ್ಟಿ ಜೀವ, ವಾರವಾರವೂ ಕೀಳುತ್ತಿರಬೇಕು. ಜಾವಾ ಮಾಸ್‌ನಂಥ ಪಾಸಿಗಿಡದೊಳಗೆ ನೂಲು ಪಾಚಿ ನುಗ್ಗಿದ್ದರೆ ಬೇರ್ಪಡಿಸುವ ಹಟ ಬಿಡಿ. ಆ ಗುಚ್ಛವನ್ನು ಎಸೆದು, ಪಾಚಿಯಿಲ್ಲದ ತುಣುಕೊಂದರಿಂದ ಮತ್ತೆ ಬೆಳೆಸುವುದು ಬೇಗ ಆಗುತ್ತದೆ. ನಾನು ಎರಡು ತಿಂಗಳು ಚಿಮಟ ಹಿಡಿದು ಕೂತ ಮೇಲೆ ಒಪ್ಪಿಕೊಂಡ ಮಾತಿದು.

ಕಪ್ಪು ಗಡ್ಡದಂಥ ಪಾಚಿಗೂ ಬಿಸಿಲೇ ಕಾರಣವೇ?

ಅಷ್ಟಾಗಿ ಅಲ್ಲ. ಅದು ಕೆಂಪು ಪಾಚಿಯ ಗುಂಪಿಗೆ ಸೇರಿದ್ದು. ಒಂದು ಎಳೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿದರೆ ಕೆಂಪಾಗುವುದನ್ನು ನೀವೇ ನೋಡಬಹುದು. ಇಂಗಾಲದ ಡೈಆಕ್ಸೈಡ್ ಮಟ್ಟ ದಿನದಿನಕ್ಕೆ ಏರುಪೇರಾಗುವ, ಕಸ ತುಂಬಿದ ತೊಟ್ಟಿಗಳಲ್ಲಿ ಇದು ಬಿಸಿಲಿಲ್ಲದೆಯೂ ಬರುತ್ತದೆ. ಹತ್ತಿದ ಎಲೆ ಕತ್ತರಿಸಿ. ಕಲ್ಲು, ಕಟ್ಟಿಗೆಗಳನ್ನು ಹೊರತೆಗೆದು 3% ಹೈಡ್ರೋಜನ್ ಪೆರಾಕ್ಸೈಡ್ ಸವರಿ, ಐದು ನಿಮಿಷ ಬಿಟ್ಟು, ತೊಳೆದು ಮತ್ತೆ ಇಡಿ. ಕೆಲವು ದಿನಗಳಲ್ಲಿ ಪಾಚಿ ಕೆಂಪಾಗಿ, ಬೆಳ್ಳಗಾಗಿ ಉದುರುತ್ತದೆ.

ಮರಳು ಮತ್ತು ಗಾಜಿನ ನಡುವೆ ನೀಲಿ-ಹಸಿರು ಪದರ ಕಾಣುತ್ತಿದೆ. ಕೆಟ್ಟ ವಾಸನೆಯೂ ಇದೆ.

ಇದು ಪಾಚಿಯೇ ಅಲ್ಲ, ಗಿಡದಂತೆ ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾ, ಹೆಸರು ಸಯನೋಬ್ಯಾಕ್ಟೀರಿಯಾ. ಬೆರಳಿನಿಂದ ಮುಟ್ಟಿದರೆ ಹಾಳೆಯಂತೆ ಎದ್ದು ಬರುತ್ತದೆ, ಮಣ್ಣು ಕೊಳೆತ ವಾಸನೆ ಹೊಡೆಯುತ್ತದೆ. ಗಾಜಿನ ಮೂಲಕ ಬಿಸಿಲು ನೇರವಾಗಿ ಮರಳಿನ ಪಕ್ಕಕ್ಕೆ ಬಡಿಯುವ ಕಡೆ ಶುರುವಾಗಿ ಮೇಲೇರುವುದು ಸಾಮಾನ್ಯ. ಉಪಾಯ ಬಹಳ ಸರಳ: ಮರಳಿನ ಎತ್ತರದಷ್ಟು ಅಗಲದ ಕಪ್ಪು ಟೇಪನ್ನು ಗಾಜಿನ ಹೊರಗೆ ಸುತ್ತಲೂ ಅಂಟಿಸಿ. ಈಗಾಗಲೇ ಹರಡಿದ್ದನ್ನು ಸೈಫನ್ ಕೊಳವೆಯಿಂದ ಎಳೆದು, ಮೂರು ದಿನ ಕತ್ತಲೆಯಲ್ಲಿಟ್ಟು, ಆ ಮೂಲೆಗೆ ನೀರಿನ ಹರಿವು ತಲುಪುವಂತೆ ಪಂಪಿನ ಬಾಯಿ ತಿರುಗಿಸಿ. ಆಂಟಿಬಯಾಟಿಕ್ ಹಾಕಿ ಎನ್ನುವವರೂ ಇದ್ದಾರೆ. ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಅದರ ಪೆಟ್ಟು ಬೀಳಬಹುದು ಎಂಬ ಕಾರಣಕ್ಕೆ ನಾನು ಹಾಕುವುದಿಲ್ಲ.

ಪಾಚಿ ಬಂದಾಗ ಗೊಬ್ಬರ ನಿಲ್ಲಿಸಬೇಕಲ್ಲವೇ?

ಎಲ್ಲರಿಗೂ ಮೊದಲು ತೋಚುವುದು ಇದೇ, ಹಾಳು ಮಾಡುವುದೂ ಇದೇ. ಗೊಬ್ಬರ ನಿಂತರೆ ಮೊದಲು ಹಸಿಯುವುದು ಗಿಡ. ಪಾಚಿಗೆ ಬೇಕಾದಷ್ಟು ಮೀನಿನ ಹಿಕ್ಕೆಯಲ್ಲಿಯೇ ಇರುತ್ತದೆ. ಹಸಿದ ಗಿಡದ ಎಲೆ ತೂತು ಬಿದ್ದು, ಕರಗಿ, ಅದೇ ಪಾಚಿಗೆ ಊಟವಾಗುತ್ತದೆ. ಬಿಸಿಲಿನ ತೊಟ್ಟಿಯಲ್ಲಿ ಗಿಡಗಳು ಬೇಗ ಬೆಳೆಯುವುದರಿಂದ ಅವುಗಳ ಹಸಿವೂ ಹೆಚ್ಚು. ನೈಟ್ರೇಟ್ ಲೀಟರಿಗೆ 10ರಿಂದ 20 ಮಿಲಿಗ್ರಾಂ, ಫಾಸ್ಫೇಟ್ 1 ಮಿಲಿಗ್ರಾಂ ಆಸುಪಾಸು ಇರಲಿ. ಕಡಿಮೆ ಮಾಡಬೇಕಾದದ್ದು ಮೀನಿನ ಆಹಾರವನ್ನು, ತೆಗೆಯಬೇಕಾದದ್ದು ಕೊಳೆತ ಎಲೆಯನ್ನು.

ಬಿಸಿಲಿಗೆ ಯಾವ ಗಿಡಗಳು ಒಳ್ಳೆಯವು?

ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಎಜೀರಿಯಾ. ಈ ಮೂರೂ ಇಂಗಾಲದ ಡೈಆಕ್ಸೈಡ್ ಮುಗಿದ ಮೇಲೆ ನೀರಿನ ಬೈಕಾರ್ಬೊನೇಟಿನಿಂದ ಇಂಗಾಲ ಎಳೆದುಕೊಳ್ಳಬಲ್ಲವು. ಗಡಸು ನೀರಿದ್ದರೆ ಬಿಸಿಲಿನಲ್ಲಿ ಇವಕ್ಕೆ ಹಬ್ಬ. ಹೈಗ್ರೋಫಿಲಾ, ವಾಟರ್ ಸ್ಪ್ರೈಟ್ ಕೂಡ ಚೆನ್ನಾಗಿ ಉಣ್ಣುತ್ತವೆ. ತೊಟ್ಟಿಯ ಹಿಂದೆ ಒಂದು ಮನಿ ಪ್ಲಾಂಟ್ ಇಟ್ಟು, ಬೇರು ಮಾತ್ರ ನೀರಿಗೆ ಇಳಿಬಿಡುವುದು ನನಗೆ ಅತಿ ಇಷ್ಟವಾದ ಉಪಾಯ; ಎಲೆಗಳು ಕಿಟಕಿಗೆ ಹಬ್ಬಿ ತೊಟ್ಟಿಗೆ ನೆರಳಾಗುತ್ತವೆ, ಬೇರುಗಳು ನೈಟ್ರೇಟ್ ಹೀರುತ್ತವೆ. ಅನೂಬಿಯಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್‌ಗಳನ್ನು ಇವುಗಳ ನೆರಳಿನಲ್ಲಿ ನೆಡಿ.

ಪಾಚಿ ತಿನ್ನುವ ಮೀನು ಬಿಟ್ಟರೆ ಸಾಲದೇ?

ಸಾಲದು. ಅವು ಉಳಿದದ್ದನ್ನು ಮೇಯುವ ಕೆಲಸಗಾರರು, ಅಷ್ಟೇ. ನೂಲು ಪಾಚಿಗೆ ಅಮಾನೊ ಸೀಗಡಿ ಒಳ್ಳೆಯದು. ಗಾಜಿಗೆ ನೆರೈಟ್ ಬಸವನಹುಳು. ಅದರ ಮೊಟ್ಟೆ ಸಿಹಿನೀರಿನಲ್ಲಿ ಮರಿಯಾಗಿ ಬೆಳೆಯುವುದಿಲ್ಲ, ಆದರೆ ಬಿಳಿ ಎಳ್ಳಿನಂತೆ ಎಲ್ಲೆಡೆ ಅಂಟಿಕೊಂಡಿರುತ್ತದೆ. ಆಟೊಸಿಂಕ್ಲಸ್ ಮೀನುಗಳನ್ನು ಹೊಸ ತೊಟ್ಟಿಗೆ ಬಿಟ್ಟರೆ ಹಸಿವಿನಿಂದಲೇ ಸಾಯುತ್ತವೆ. ಪಾಚಿ ತಿನ್ನುವ ಸಯಾಮೀಸ್ ಆಲ್ಗೆ ಈಟರ್ ಮೀನು ಕೇಳಿದರೆ, ಅದೇ ಹೆಸರಿನಲ್ಲಿ ಅಂಗಡಿಯವರು ಚೈನೀಸ್ ಆಲ್ಗೆ ಈಟರ್ ಕೊಟ್ಟುಬಿಡುವುದುಂಟು. ಅದು ದೊಡ್ಡದಾದ ಮೇಲೆ ಪಾಚಿ ಬಿಟ್ಟು ಬೇರೆ ಮೀನುಗಳ ಮೈಗೆ ಬಾಯಿ ಹಾಕುತ್ತದೆ. ಪಾಚಿ ತಿನ್ನುತ್ತದೆಂದು ಮಾರುವ ಸಾಮಾನ್ಯ ಪ್ಲೆಕೊ ಮೀನು 30 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ಗಿಡಗಳನ್ನು ಬುಡಮೇಲು ಮಾಡುತ್ತದೆ.

ಪಾಚಿನಾಶಕ ಹಾಕಬಹುದೇ?

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ತಾಮ್ರವಿರುವ ಔಷಧ ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ದ್ರವ ಇಂಗಾಲ ಎಂದು ಮಾರುವವುಗಳಲ್ಲಿ ಹಲವು ಗ್ಲುಟರಾಲ್ಡಿಹೈಡ್. ಅದು ಪಾಚಿಯನ್ನೂ ಸುಡುತ್ತದೆ, ಬಿಸಿಲಿನ ತೊಟ್ಟಿಗೆ ನಾವು ನೆಚ್ಚಿಕೊಂಡ ವ್ಯಾಲಿಸ್ನೇರಿಯಾ, ಎಜೀರಿಯಾಗಳನ್ನೂ ಕರಗಿಸುತ್ತದೆ. ಕೈಗವಸಿಲ್ಲದೆ ಮುಟ್ಟುವಂಥದ್ದೂ ಅಲ್ಲ. ಇದ್ದ ಪಾಚಿಯೆಲ್ಲ ಒಂದೇ ದಿನ ಸತ್ತರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ.

ಬಿಸಿಲಿನಿಂದ ಮೀನುಗಳಿಗೆ ತೊಂದರೆಯಾಗುತ್ತದೆಯೇ?

ಪಾಚಿಗಿಂತ ಹೆಚ್ಚು ಯೋಚಿಸಬೇಕಾದದ್ದು ಇದನ್ನೇ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ, 32 ಡಿಗ್ರಿಯಲ್ಲಿ ಸುಮಾರು 7.3. ಹಗಲಿನಲ್ಲಿ ಗಿಡಗಳೂ ಪಾಚಿಯೂ ಆಮ್ಲಜನಕ ಬಿಡುತ್ತವೆ, ಇರುಳಿನಲ್ಲಿ ಎಲ್ಲವೂ ಅದನ್ನೇ ಉಸಿರಾಡುತ್ತವೆ. ಹಾಗಾಗಿ ಕೊರತೆ ಕಾಣುವುದು ನಸುಕಿನಲ್ಲಿ. ಎದ್ದ ಕೂಡಲೇ ತೊಟ್ಟಿ ನೋಡಿ. ಮೀನುಗಳು ಮೇಲ್ಮೈಯಲ್ಲಿ ಬಾಯಿ ಬಡಿಯುತ್ತಿದ್ದರೆ ರಾತ್ರಿ ಗಾಳಿಯ ಪಂಪು ಹಾಕಿ.

ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವ ಪಿಎಚ್ (7 ಎಂದರೆ ಎರಡೂ ಅಲ್ಲ) ಕೂಡ ದಿನಕ್ಕೊಂದು ಉಯ್ಯಾಲೆ ಆಡುತ್ತದೆ. ಜೋರು ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡ್ ಖಾಲಿಯಾಗುತ್ತ ಸಂಜೆಯ ಹೊತ್ತಿಗೆ ಪಿಎಚ್ 9ರ ಹತ್ತಿರ ಹೋಗಬಹುದು. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ, ಮೀನಿನ ಹೊಲಸಿನಿಂದ ಬರುವ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ 1ಕ್ಕಿಂತಲೂ ಕಡಿಮೆ. ಪಿಎಚ್ 8ಕ್ಕೆ ಅದು ಶೇಕಡಾ 5 ದಾಟುತ್ತದೆ, 9ಕ್ಕೆ ಮೂರನೆಯ ಒಂದು ಭಾಗ ಮೀರುತ್ತದೆ. ಬೆಳಗ್ಗೆ ಅಳೆದು "ಎಲ್ಲ ಸರಿಯಿದೆ" ಎಂದುಕೊಂಡವರು ಅದೇ ನೀರನ್ನು ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ಅಳೆಯಲಿ.

ಎಲ್ಲ ಮಾಡಿದೆ. ಎಷ್ಟು ದಿನಕ್ಕೆ ಗುಣ ಕಾಣುತ್ತದೆ?

ನಾಲ್ಕರಿಂದ ಆರು ವಾರ. ಹಳೆಯ ಎಲೆಗಳನ್ನು ನೋಡಿ ನಿರಾಶರಾಗಬೇಡಿ, ಅವು ಮೊದಲಿನಂತೆ ಆಗುವುದಿಲ್ಲ. ಪರದೆ ಹಾಕಿದ ಮೇಲೆ ಚಿಗುರಿದ ಎಲೆ ಯಾವುದೆಂದು ಗುರುತಿಟ್ಟುಕೊಳ್ಳಿ. ಎರಡು ವಾರದ ನಂತರವೂ ಅದು ಶುಭ್ರವಾಗಿದ್ದರೆ ಬೆಳಕಿನ ಲೆಕ್ಕ ಸರಿಯಾಗಿದೆ. ಅದರ ಮೇಲೂ ಪಾಚಿ ಕೂತರೆ ಪರದೆಯನ್ನು ಇನ್ನೊಂದು ಮಡಿಕೆ ದಪ್ಪ ಮಾಡಿ. ಹೊಸದಾಗಿ ನೀರು ತುಂಬಿದ ತೊಟ್ಟಿಯಲ್ಲಿ ಕಾಣುವ ಕಂದು ಪುಡಿ ಬೇರೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಒರೆಸಿದರೆ ಹೋಗುತ್ತದೆ, ತೊಟ್ಟಿ ಹಳತಾದಂತೆ ತಾನೇ ಕಡಿಮೆಯಾಗುತ್ತದೆ.

ಸ್ವಲ್ಪ ಪಾಚಿ ಇದ್ದರೆ ಬಿಡಬಹುದೇ?

ಬಿಡಿ. ಮಾರಿಮೊ ಎಂದು ಹಣ ಕೊಟ್ಟು ತರುವ ಹಸಿರು ಚೆಂಡು ಕೂಡ ಪಾಚಿಯೇ ಅಲ್ಲವೇ! ನಾನು ಮುಂಗಾಜನ್ನು ಮಾತ್ರ ಉಜ್ಜುತ್ತೇನೆ. ಬಲಬದಿಯ ಗಾಜನ್ನು, ಆ 2 ಗಂಟೆ 40 ನಿಮಿಷದ ಬದಿಯನ್ನು, ಬಸವನಹುಳುಗಳಿಗೆ ಬಿಟ್ಟುಕೊಟ್ಟಿದ್ದೇನೆ. ಪರದೆ ಸರಿಸಿದ ಸಂಜೆಗಳಲ್ಲಿ ಅವು ರಾತ್ರಿಯಿಡೀ ಮೇಯ್ದ ಅಂಕುಡೊಂಕು ಜಾಡುಗಳು ಹಸಿರಿನ ನಡುವೆ ಸ್ಪಷ್ಟವಾಗಿ ಕಾಣುತ್ತವೆ.